ಕೊರೋನ್‌ನ ಮುಳುಗಿದ ಹಡಗುಗಳು: ಸಕಲೇಶಪುರದಿಂದ ಹೊರಡುವ ಡೈವರ್‌ಗಳಿಗೆ

ಕಾಫಿ ಕೊಯ್ಲು ಮುಗಿದು, ಮೆಣಸು ಒಣಗಿ ಮೂಟೆ ಸೇರಿ, ಹೂಮಳೆಯೂ ಬಂದು ಹೋದ ಮೇಲೆ ನಮ್ಮ ಸಕಲೇಶಪುರ ಕಡೆಯವರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಏಪ್ರಿಲ್ ಕೊನೆ, ಮೇ ಶುರು. ಫಿಲಿಪ್ಪೀನ್ಸ್‌ನ ಕೊರೋನ್‌ಗೂ ಅದು ಒಳ್ಳೆಯ ಕಾಲವೇ. ಸಮುದ್ರ ಶಾಂತವಾಗಿರುತ್ತದೆ, ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ. "ಮುಳುಗಿದ್ದನ್ನೇ ನೋಡಬೇಕು ಅಂದ್ರೆ ಹೇಮಾವತಿ ಹಿನ್ನೀರಲ್ಲಿ ಶೆಟ್ಟಿಹಳ್ಳಿ ಚರ್ಚ್ ಇದೆಯಲ್ಲ, ಬಸ್ ಚಾರ್ಜಲ್ಲೇ ಮುಗಿಯುತ್ತೆ" ಎಂದು ಹಾಸನದ ಗೆಳೆಯರು ಕಿಚಾಯಿಸಿದರು. ಅದೂ ಸರಿಯೇ.

ಇದನ್ನು ಬರೆಯುತ್ತಿರುವುದು ಸ್ಕೂಬಾ ಡೈವಿಂಗ್‌ನ ಎರಡನೇ ಹಂತದ ತರಬೇತಿ ಮುಗಿಸಿ ಅಡ್ವಾನ್ಸ್ಡ್ ಕಾರ್ಡ್ ಕೈಯಲ್ಲಿದ್ದು, ನೀರಿನೊಳಗೆ ಅಲುಗಾಡದೆ ಒಂದೇ ಕಡೆ ನಿಲ್ಲಲು ಬರುವವರಿಗೆ. ಈಗಷ್ಟೇ ಕಲಿತವರು ಇನ್ನೊಂದೆರಡು ಸೀಸನ್ ಕಾಯಿರಿ, ಹಡಗುಗಳು ಎಲ್ಲೂ ಹೋಗುವುದಿಲ್ಲ.

ಅವು ಅಲ್ಲಿ ಬಿದ್ದಿರುವುದು 1944ರಿಂದ. ಆ ವರ್ಷ ಸೆಪ್ಟೆಂಬರ್ 21ರಂದು ಅಮೆರಿಕದ ವಿಮಾನಗಳು ಮನಿಲಾ ಬಂದರಿನ ಮೇಲೆ ದಾಳಿ ಮಾಡಿದವು. ತಪ್ಪಿಸಿಕೊಂಡ ಜಪಾನಿನ ಸರಕು ಹಡಗುಗಳು ಕೊರೋನ್ ಕೊಲ್ಲಿಯ ದ್ವೀಪಗಳ ನಡುವೆ ಅಡಗಿದವು. 24ರಂದು ಅಲ್ಲಿಗೂ ವಿಮಾನಗಳು ಬಂದವು. ಒಂದೇ ಬೆಳಗ್ಗೆ ಬಿದ್ದ ಬಾಂಬುಗಳಿಗೆ ಇವು ಮುಳುಗಿದವು, ಜೊತೆಗೆ ಬಹಳ ಜನ ನಾವಿಕರೂ ಸತ್ತರು. ಒಳಗೆ ಸಿಕ್ಕ ಬಾಟಲಿ, ತಟ್ಟೆಗಳನ್ನು ನೆನಪಿಗೆ ಅಂತ ಎತ್ತಿಕೊಂಡು ಬರುವ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಈಗ ಮುಖ್ಯ ವಿಷಯ. ಹಡಗಿನ ಹೆಸರು ನೋಡಿ ಪ್ಲ್ಯಾನ್ ಮಾಡಬೇಡಿ, ಆಳ ನೋಡಿ ಮಾಡಿ. ಎಲ್ಲರ ಬಾಯಲ್ಲೂ ಇರುವುದು ಇರಾಕೋ. ಜಪಾನ್ ನೌಕಾಪಡೆಗೆ ಆಹಾರ ಸಾಗಿಸುತ್ತಿದ್ದ, ಒಳಗೆ ದೊಡ್ಡ ಶೀತಲ ಕೋಣೆಗಳಿದ್ದ ಹಡಗು ಅದು. ಆದರೆ ಅದರ ಡೆಕ್ ಶುರುವಾಗುವುದೇ 28 ಮೀಟರ್ ಆಸುಪಾಸಿನಲ್ಲಿ, ತಳ 40 ಮೀಟರ್ ದಾಟುತ್ತದೆ. 40 ಮೀಟರ್ ಅಂದರೆ ನಮ್ಮಂಥ ರಿಕ್ರಿಯೇಷನಲ್ ಡೈವರ್‌ಗಳ ಕೊನೆಯ ಗೆರೆ, ಅದೂ ಡೀಪ್ ಡೈವಿಂಗ್ ಕೋರ್ಸ್ ಮಾಡಿದ್ದರೆ ಮಾತ್ರ. ಮೊದಲ ದಿನವೇ ಅಲ್ಲಿಗೆ ಇಳಿಸುತ್ತೇವೆ ಎನ್ನುವ ಅಂಗಡಿ ಸಿಕ್ಕರೆ ಬೇರೆ ಅಂಗಡಿ ನೋಡಿ.

ನನ್ನ ಪ್ರಕಾರ ಶುರು ಮಾಡಬೇಕಾದ್ದು ಒಕಿಕಾವಾ ಮಾರುವಿನಿಂದ. ತೈಲ ಟ್ಯಾಂಕರ್, ನೆಟ್ಟಗೆ ಕೂತಿದೆ, ಡೆಕ್ ಸುಮಾರು 10ರಿಂದ 16 ಮೀಟರ್‌ನಲ್ಲೇ ಸಿಗುತ್ತದೆ, ಮೇಲೆಲ್ಲಾ ಹವಳ ಬೆಳೆದಿದೆ. ಆಮೇಲೆ ಒಲಿಂಪಿಯಾ ಮಾರು, ಮೊರಝಾನ್ ಮಾರು. ಮೊರಝಾನ್ ಪಕ್ಕಕ್ಕೆ ಮಲಗಿದೆ. ಗೋಡೆ ನೆಲವಾಗಿ, ನೆಲ ಗೋಡೆಯಾಗಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ತಲೆ ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕು, ಆ ಅಭ್ಯಾಸ 20 ಮೀಟರ್‌ನಲ್ಲಿ ಆಗಲಿ, 34ರಲ್ಲಿ ಬೇಡ. ಯಾಕಂದ್ರೆ ಮುಂದಿನ ಕೋಗ್ಯೋ ಮಾರು ಕೂಡ ಮಲಗಿದೆ, 34 ಮೀಟರ್‌ವರೆಗೂ ಇಳಿಯುತ್ತದೆ. ಅದು ವಿಮಾನ ನಿಲ್ದಾಣ ಕಟ್ಟುವ ಸಾಮಾನು ಹೊತ್ತಿತ್ತು. ಕಲ್ಲಾಗಿ ಗಟ್ಟಿಯಾದ ಸಿಮೆಂಟ್ ಚೀಲಗಳು, ಒಂದು ಬುಲ್ಡೋಜರ್ ಇನ್ನೂ ಹೊಟ್ಟೆಯೊಳಗಿವೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಸಮುದ್ರವಿಮಾನಗಳಿಗೆ ಇಂಧನ, ರಿಪೇರಿ ಒದಗಿಸುತ್ತಿದ್ದ ಆಕಿತ್ಸುಶಿಮಾಗೆ ಸುಮಾರು 36 ಮೀಟರ್. ಅದನ್ನೂ ಇರಾಕೋವನ್ನೂ ಕೊನೆಯ ಡೈವ್ ದಿನಗಳಿಗೆ ಇಟ್ಟುಕೊಳ್ಳಿ.

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿ) ಬಳಸುವ ಕಾರ್ಡ್ ಇಲ್ಲದೆ ಹೋಗಬೇಡಿ. 30 ಮೀಟರ್‌ನಲ್ಲಿ ಸಾಮಾನ್ಯ ಗಾಳಿಗೆ ಡೈವ್ ಟೇಬಲ್ ಕೆಳಗಿರಲು ಕೊಡುವುದು 20 ನಿಮಿಷ, ಶೇಕಡಾ 32ರ ನೈಟ್ರಾಕ್ಸ್‌ಗೆ 30 ನಿಮಿಷ. ಅಷ್ಟು ದೂರ ಹೋಗಿ ಹತ್ತು ನಿಮಿಷ ಕಳೆದುಕೊಳ್ಳುವುದು ಯಾಕೆ ಅಲ್ವಾ? ಆದರೆ 32ಕ್ಕೆ ಸುಮಾರು 33 ಮೀಟರ್ ಮಿತಿ, ಅದಕ್ಕಿಂತ ಆಳದಲ್ಲಿ ಆಮ್ಲಜನಕವೇ ವಿಷವಾಗಬಹುದು. ಆಕಿತ್ಸುಶಿಮಾ ತಳಕ್ಕೆ ಅದು ಆಗುವುದಿಲ್ಲ, 28 ಕೇಳಿ, ಅದರ ಮಿತಿ 40. ಸಿಲಿಂಡರ್‌ನ ಆಮ್ಲಜನಕ ಅಳೆಯುವಾಗ ನೀವೇ ಮುಂದೆ ನಿಂತು ನೋಡಿ, ನಾಚಿಕೆ ಬೇಡ.

ಹಡಗಿನೊಳಗೆ ಹೋಗುವ ವಿಚಾರದಲ್ಲಿ ಗೈಡ್ ಇದ್ದಾನೆ ಎಂಬ ಧೈರ್ಯ ಸಾಲದು. ಒಳಗೆಲ್ಲಾ ನುಣ್ಣನೆಯ ಹೂಳು, ಒಂದು ಸಲ ಕಾಲಿನ ಫಿನ್ (ಈಜುರೆಕ್ಕೆ) ತಪ್ಪಾಗಿ ಬೀಸಿದರೆ ಟಾರ್ಚ್ ಇದ್ದರೂ ಕೈ ಕಾಣುವುದಿಲ್ಲ. ಕಪ್ಪೆಯಂತೆ ಕಾಲು ಬೀಸುವ ಫ್ರಾಗ್ ಕಿಕ್ ಊರಲ್ಲೇ ಅಭ್ಯಾಸ ಮಾಡಿ, ಈಜುಕೊಳ ಸಾಕು. ಟಾರ್ಚ್ ಎರಡು ಇರಲಿ. ಗಾಳಿಯಲ್ಲಿ ಮೂರನೇ ಒಂದು ಭಾಗ ಒಳಹೋಗಲು, ಇನ್ನೊಂದು ಭಾಗ ಹೊರಬರಲು, ಉಳಿದದ್ದು ಮುಟ್ಟಬಾರದು. ಹೊರಗಿನ ಬೆಳಕು ಕಾಣದ ಕೋಣೆಗೆ ಗೈಡ್ ಕರೆದರೆ, ಆ ತರಬೇತಿ ಇಲ್ಲದಿದ್ದರೆ ಕೈಯಾಡಿಸಿ ಬೇಡ ಅನ್ನಿ. ಹೊರಗಿನಿಂದ ನೋಡಿದರೂ ಕಾಸು ವಸೂಲೇ.

ಹೊರಡುವ ಮೊದಲು ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದೆರಡು ಡೈವ್ ಮಾಡಿಕೊಳ್ಳುವುದು ಒಳ್ಳೆಯದು, ವರ್ಷವೆಲ್ಲಾ ತೋಟದಲ್ಲಿದ್ದವರಿಗೆ ಕೈಕಾಲು ಪಳಗಬೇಕು. ಆದರೆ ನಮ್ಮ ಕಡೆಯವರು ಗಮನಿಸದ ಒಂದು ವಿಷಯ ಇದೆ. ಮುರ್ಡೇಶ್ವರದಲ್ಲಿ ಮಧ್ಯಾಹ್ನ ಡೈವ್ ಮುಗಿಸಿ ರಾತ್ರಿ ಮನೆಯಲ್ಲೇ ಊಟ ಅಂತ ಶಿರಾಡಿ ಘಾಟಿ ಹತ್ತಿಬಿಡುತ್ತಾರೆ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರ ಮೀಟರ್ ದಾಟುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತುವ ಮುಂಚೆ ಕಾಯಬೇಕು ಎನ್ನುವ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಲೆಕ್ಕಕ್ಕೆ ಬರುತ್ತದೆ. ಡೈವ್‌ನಲ್ಲಿ ದೇಹ ಸೇರಿ, ಎತ್ತರದಲ್ಲಿ ಗುಳ್ಳೆಯಾಗಬಲ್ಲ ಸಾರಜನಕಕ್ಕೆ ನೀವು ವಿಮಾನದಲ್ಲಿದ್ದೀರೋ ಜೀಪಿನಲ್ಲಿದ್ದೀರೋ ಗೊತ್ತಾಗುವುದಿಲ್ಲ. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆ ಕಾಯಬೇಕು. ಸುಮ್ನೆ ಒಂದು ರಾತ್ರಿ ಕರಾವಳಿಯಲ್ಲೇ ಉಳಿದು, ಮೀನೂಟ ಮಾಡಿ, ಮರುದಿನ ನಿಧಾನಕ್ಕೆ ಬನ್ನಿ.

ಕೊರೋನ್‌ನಲ್ಲೂ ಅದೇ ಲೆಕ್ಕ. ವಾಪಸ್ ವಿಮಾನದ ಹಿಂದಿನ ದಿನವನ್ನು ಒಣ ದಿನ, ಅಂದರೆ ಡೈವ್ ಇಲ್ಲದ ದಿನ, ಎಂದೇ ಬರೆದಿಟ್ಟುಕೊಳ್ಳಿ. ಊರಿನ ಹಿಂದೆ ಟಾಪ್ಯಾಸ್ ಗುಡ್ಡ ಇದೆ, ಮೆಟ್ಟಿಲು ಇವೆ, ನಮ್ಮ ಮಲೆನಾಡಿನವರಿಗೆ ಅದೇನು ದೊಡ್ಡದಲ್ಲ.

ಪ್ರಯಾಣದ ವಿಚಾರ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಸಿಂಗಾಪುರ, ಕ್ವಾಲಾಲಂಪುರ ಅಥವಾ ಬ್ಯಾಂಕಾಕ್ ಮೂಲಕ ಮನಿಲಾ, ಅಲ್ಲಿಂದ ಕೊರೋನ್ ಊರಿರುವ ಬುಸುವಾಂಗಾ ದ್ವೀಪಕ್ಕೆ ಸಣ್ಣ ಪ್ರೊಪೆಲರ್ ವಿಮಾನ, ಆಮೇಲೆ ವ್ಯಾನ್. 2025ರ ಜೂನ್‌ನಿಂದ ಭಾರತೀಯ ಪ್ರವಾಸಿಗರಿಗೆ 14 ದಿನ ವೀಸಾ ಬೇಡ, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಇರಬೇಕು. ಫಿಲಿಪ್ಪೀನ್ಸ್ ತಲುಪುವ ಮುಂಚಿನ 72 ಗಂಟೆಗಳಲ್ಲಿ ಅಲ್ಲಿನ ಸರ್ಕಾರದ ಆನ್‌ಲೈನ್ ಇ-ಟ್ರಾವೆಲ್ ನೋಂದಣಿ ಮಾಡಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ಮತ್ತೆ ನೋಡಿಕೊಳ್ಳಿ. ಸಾಮಾನ್ಯ ಪ್ರವಾಸ ವಿಮೆ ನಂಬಬೇಡಿ, ಎಷ್ಟೋ ಪಾಲಿಸಿಗಳಲ್ಲಿ ಡೈವಿಂಗ್ ಇರುವುದೇ ಇಲ್ಲ, ಇದ್ದರೂ ಆಳದ ಮಿತಿ ಸಣ್ಣಕ್ಷರದಲ್ಲಿ ಇರುತ್ತದೆ. ಡೈವರ್‌ಗಳಿಗೆಂದೇ ಇರುವ ಡಾನ್ (DAN, ಡೈವರ್‌ಗಳ ಸುರಕ್ಷತಾ ಸಂಸ್ಥೆ) ಥರದ ವಿಮೆ ಮಾಡಿಸಿ.

ಸಣ್ಣ ವಿಮಾನದಲ್ಲಿ ಲಗೇಜ್ ಮಿತಿ ಬಿಗಿ. ಮಾಸ್ಕ್, ಡೈವ್ ಕಂಪ್ಯೂಟರ್, ಟಾರ್ಚ್, ಮೇಲೆ ತೇಲಿಬಿಡುವ ಗುರುತಿನ ಬಲೂನು (ಬಾಯ್) ನಿಮ್ಮದೇ ಇರಲಿ, ತೇಲುವಿಕೆ ಹತೋಟಿಯಲ್ಲಿಡುವ ಜಾಕೆಟ್ (ಬಿಸಿಡಿ) ಅಲ್ಲೇ ಬಾಡಿಗೆಗೆ ತಗೊಳ್ಳಿ. ಉಳಿದ ಜಾಗದಲ್ಲಿ ಮನೆ ಕಾಫಿ ಪುಡಿ, ಸಣ್ಣ ಫಿಲ್ಟರ್ ತುರುಕಿ. ದೋಣಿಯಲ್ಲಿ ಕೊಡುವುದು ಸಕ್ಕರೆ ಹಾಲಿನ ಪುಡಿ ಎಲ್ಲಾ ಬೆರೆಸಿದ ಪ್ಯಾಕೆಟ್ ಕಾಫಿ, ತೋಟದವರಿಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ.