ಬೋರ್ಡ್ ಕಿತ್ತ ಬಾಕ್ಸು, ಬಿಡದ ರೂಢಿ

ರಾತ್ರಿ ಒಂದೂವರೆಗೆ ಫೋನ್ ಬಂತು. ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಪೌರಾಣಿಕ ನಾಟಕ. "ಏನ್ ಮಾಡಿದ್ದೀಯಪ್ಪಾ ನೀನು? ದುರ್ಯೋಧನ ಬಂದು ಪದ್ಯ ಎತ್ತಿದ, ಸೌಂಡೇ ಹೋಯ್ತು. ಜನ ಶಿಳ್ಳೆ ಹೊಡೀತಾವ್ರೆ" ಅಂದರು ಸೌಂಡ್ ಸರ್ವಿಸ್ ಅಣ್ಣ. ಫೋನ್‌ನಲ್ಲಿ ಅವರ ಮಾತಿನ ಹಿಂದೆ ಬರೀ ಹಾರ್ಮೋನಿಯಂ ಕೇಳಿಸುತ್ತಿತ್ತು.

ನನ್ನದು ತುಮಕೂರಿನಲ್ಲಿ ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಅಂಗಡಿ. ಹದಿನೈದು ದಿನ ಮೊದಲು ಅವರ ಎರಡು ಪವರ್ಡ್ ಬಾಕ್ಸ್‌ಗಳನ್ನು (ಒಳಗೇ ಆಂಪ್ ಇರುವ ಸ್ಪೀಕರ್) ನಾನೇ ಪ್ಯಾಸಿವ್ ಮಾಡಿ, ಅಂದರೆ ಒಳಗಿನ ಆಂಪ್ ತೆಗೆದು ಹೊರಗಿನ ಆಂಪ್‌ನಿಂದ ನಡೆಯುವಂತೆ ಮಾಡಿ ಕೊಟ್ಟಿದ್ದೆ. ಜನರೇಟರ್ ವೋಲ್ಟೇಜ್ ಏರಿಳಿದು ಒಳಗಿನ ಬೋರ್ಡ್ ಎರಡು ಸಲ ಸುಟ್ಟಿತ್ತು. ಮೂರನೇ ಸಲ ಅಣ್ಣನಿಗೆ ಸಾಕಾಗಿತ್ತು. "ಬೋರ್ಡ್ ಕಿತ್ತಾಕು. ನನ್ನ ಹತ್ರ ಎರಡು ಚಾನಲ್ ಆಂಪ್ ಇದೆಯಲ್ಲ, ಸುಮ್ನೆ ವೈರ್ ಎಳೆದು ಕೊಡು" ಅಂದರು.

ಸುಮ್ನೆ ವೈರ್ ಎಳೆದರೆ ಹಾರ್ನ್ (ಸಣ್ಣ ಸದ್ದಿನ ಸ್ಪೀಕರ್) ಮೊದಲ ಹಾಡಿಗೇ ಸುಟ್ಟುಹೋಗುತ್ತದೆ. ಈ ಬಾಕ್ಸ್‌ನ ಬೋರ್ಡ್‌ನಲ್ಲಿ ಎರಡು ಆಂಪ್ ಇದ್ದವು, ದಪ್ಪ ಸದ್ದಿನ ವೂಫರ್‌ಗೆ ಒಂದು, ಹಾರ್ನ್‌ಗೆ ಒಂದು. ದಪ್ಪ ಸದ್ದು, ಸಣ್ಣ ಸದ್ದು ಬೇರೆ ಮಾಡುವ ಕೆಲಸವೂ ಅಲ್ಲೇ ಆಗುತ್ತಿತ್ತು. ಜಾಸ್ತಿ ಆದಾಗ ತಡೆಯುವ ಲಿಮಿಟರ್ ಕೂಡ ಅಲ್ಲೇ. ಬೋರ್ಡ್ ಹೋದರೆ ಇವೆಲ್ಲ ಹೋದವು. (ಬೋರ್ಡ್ ರಿಪೇರಿ ಆಗುವಂತಿದ್ದರೆ ಅದನ್ನೇ ಮಾಡಿಸಿ. ಪ್ಯಾಸಿವ್ ಮಾಡಿದ ಬಾಕ್ಸ್ ಹಳೇ ಬಾಕ್ಸ್‌ನಂತೆ ಕೇಳುವುದಿಲ್ಲ.)

ಬಿಚ್ಚುವಾಗ ಒಂದು ಎಚ್ಚರ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ನಿಂತಿರಬಹುದು. ಮೀಟರ್ ಇಟ್ಟು ನೋಡದೆ ನಾನು ಕೈ ಹಾಕುವುದಿಲ್ಲ.

ವೂಫರ್‌ಗೆ ಮೀಟರ್ ಇಟ್ಟೆ. 3.4 ಓಮ್ ತೋರಿಸಿತು. ಅಂದರೆ 4 ಓಮ್ ಸ್ಪೀಕರ್. 8 ಓಮ್ ಆಗಿದ್ದರೆ 6ರ ಆಸುಪಾಸು ಬರಬೇಕಿತ್ತು. ದಪ್ಪ ಸದ್ದು, ಸಣ್ಣ ಸದ್ದು ಬೇರೆ ಮಾಡಲು ಅಂಗಡಿಯಲ್ಲಿದ್ದ ರೆಡಿಮೇಡ್ ಕ್ರಾಸ್‌ಓವರ್ 8 ಓಮ್‌ದು. ಅದರ ಕಾಯಿಲ್ 2000 ಹರ್ಟ್ಜ್‌ಗೆ ಲೆಕ್ಕ ಹಾಕಿದ್ದು. 4 ಓಮ್ ವೂಫರ್‌ಗೆ ಹಾಕಿದರೆ 1000 ಹರ್ಟ್ಜ್‌ನಿಂದಲೇ ಇಳಿಯತೊಡಗುತ್ತದೆ, ನಡುವೆ ಸದ್ದು ಖಾಲಿ ಬೀಳುತ್ತದೆ. ಪದ್ಯದ ಅಕ್ಷರ ಸ್ಪಷ್ಟವಾಗಿ ಕೇಳಬೇಕಾದ ಜಾಗವೇ ಅದು, ಅಲ್ವಾ? ಹಾಗಾಗಿ ವೂಫರ್‌ಗೆ 0.32 ಮಿಲಿಹೆನ್ರಿ ಕಾಯಿಲ್ ನಾನೇ ಸುತ್ತಿದೆ. 8 ಓಮ್ ಹಾರ್ನ್‌ಗೆ 10 ಮೈಕ್ರೋಫ್ಯಾರಡ್ ನಾನ್‌ಪೋಲಾರ್ ಕೆಪಾಸಿಟರ್ ಹಾಕಿದೆ. ಹಾರ್ನ್ ಕಿವಿ ಕೊರೆಯುತ್ತಿತ್ತು, ವೂಫರ್‌ಗಿಂತ ಸುಮಾರು 10 ಡೆಸಿಬೆಲ್ ಜೋರು. 5.6 ಓಮ್ ಸಿಮೆಂಟ್ ರೆಸಿಸ್ಟರ್ ಸಾಲಿನಲ್ಲಿ, 3.9 ಓಮ್ ಹಾರ್ನ್‌ಗೆ ಅಡ್ಡಲಾಗಿ ಕೊಟ್ಟ ಮೇಲೆ ತಣ್ಣಗಾಯಿತು. ಬೋರ್ಡ್ ಇದ್ದ ತೂತಿಗೆ ಪ್ಲೈವುಡ್ ಮುಚ್ಚಿ, ಗಾಳಿ ಸೋರದಂತೆ ಫೋಮ್ ಕೊಟ್ಟೆ. ಕರೆಂಟ್ ಸಾಕೆಟ್ ತೆಗೆದು ಸ್ಪೀಕರ್ ವೈರ್‌ಗೆ ಸ್ಪೀಕಾನ್ ಸಾಕೆಟ್ ಹಾಕಿದೆ. ಒಂದಲ್ಲ, ಎರಡು. ಹಳೇ ಬಾಕ್ಸ್‌ನಲ್ಲಿ ಮುಂದಿನ ಬಾಕ್ಸ್‌ಗೆ ವೈರ್ ಕೊಡುವ ಲಿಂಕ್ ಇತ್ತಲ್ಲ, ಅಣ್ಣನಿಗೆ ಅನುಕೂಲ ಆಗಲಿ ಅಂತ.

ಅಲ್ಲೇ ನಾನು ಎಡವಿದ್ದು. ಪವರ್ಡ್ ಬಾಕ್ಸ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಬರೀ ಸಿಗ್ನಲ್. ಎಷ್ಟು ಕೊಂಡಿ ಹಾಕಿದರೂ ಪ್ರತಿ ಬಾಕ್ಸ್‌ನ ಆಂಪ್ ತನ್ನ ಸ್ಪೀಕರನ್ನಷ್ಟೇ ಎಳೆಯುತ್ತದೆ. ಪ್ಯಾಸಿವ್ ಆದ ಮೇಲೆ ಅದೇ ಕೊಂಡಿ ಎಂದರೆ ಪ್ಯಾರಲಲ್, ಎರಡೂ ಬಾಕ್ಸ್ ಒಂದೇ ಚಾನಲ್ ಮೇಲೆ. 4 ಓಮ್‌ನ ಎರಡು ಬಾಕ್ಸ್ ಸೇರಿದರೆ 2 ಓಮ್. ಓಮ್ ಇಳಿದಷ್ಟೂ ಆಂಪ್‌ಗೆ ಭಾರ ಜಾಸ್ತಿ. ಅವರ ಆಂಪ್‌ನ ಹಿಂದೆಯೇ ಬರೆದಿತ್ತು, ಚಾನಲ್‌ಗೆ ಕನಿಷ್ಠ 4 ಓಮ್.

ಅಣ್ಣ ಹತ್ತು ವರ್ಷದಿಂದ ಮಾಡಿದ್ದನ್ನೇ ಆ ರಾತ್ರಿಯೂ ಮಾಡಿದ್ದರು. ಸ್ಟೇಜ್‌ನ ಎಡಕ್ಕೆ ಒಂದು ಬಾಕ್ಸ್, ಅಲ್ಲಿಂದ ಬಲಕ್ಕೆ ಲಿಂಕ್. ಇನ್ನೊಂದು ಚಾನಲ್ ಖಾಲಿ. ಸಂಜೆಯಿಂದ ಹೇಗೋ ಎಳೆದಿದೆ. ದುರ್ಯೋಧನ ಮೈಕ್ ಬಾಯಿಗೇ ಇಟ್ಟು ಏರು ಶ್ರುತಿಯಲ್ಲಿ ಹಾಡಿದಾಗ ಪ್ರೊಟೆಕ್ಟ್ ದೀಪ ಹತ್ತಿಕೊಂಡು ಆಂಪ್ ಸದ್ದು ನಿಲ್ಲಿಸಿದೆ. ಪುಣ್ಯಕ್ಕೆ ಅದರಲ್ಲಿ ಪ್ರೊಟೆಕ್ಷನ್ ಇತ್ತು.

"ಅಣ್ಣಾ, ಮೊದಲು ಆಂಪ್ ಆಫ್ ಮಾಡಿ, ಆ ಲಿಂಕ್ ವೈರ್ ಕೀಳಿ. ಎರಡನೇ ಬಾಕ್ಸ್‌ಗೆ ಎರಡನೇ ಚಾನಲ್‌ನಿಂದ ಬೇರೆ ವೈರ್ ಕೊಡಿ."

"ಅಷ್ಟು ಉದ್ದದ ವೈರ್ ಎಲ್ಲಿಂದ ತರಲಿ ಈಗ?"

"ಹಾಗಾದ್ರೆ ಒಂದೇ ಬಾಕ್ಸ್‌ನಲ್ಲಿ ಮುಗಿಸಿ."

ಬೆಳಗಿನವರೆಗೆ ಒಂದೇ ಬಾಕ್ಸ್‌ನಲ್ಲಿ ನಾಟಕ ನಡೆಯಿತು. ಬಲಗಡೆ ಕೂತವರ ಬೈಗುಳ ಎಲ್ಲ ಅಣ್ಣನಿಗೆ. ನ್ಯಾಯವಾಗಿ ನನಗೆ ಬರಬೇಕಿತ್ತು.

ಮಾರನೇ ದಿನ ಬಾಕ್ಸ್ ತಂದರು. ಎರಡರಿಂದಲೂ ಲಿಂಕ್ ಸಾಕೆಟ್ ತೆಗೆದು ತೂತು ಮುಚ್ಚಿದೆ. ಹಿಂದೆ ಬಿಳಿ ಪೇಂಟ್‌ನಲ್ಲಿ ದಪ್ಪಗೆ ಬರೆದೆ: "4 ಓಮ್. ಒಂದು ಚಾನಲ್‌ಗೆ ಒಂದೇ ಬಾಕ್ಸ್." ಆಂಪ್‌ನ ಎರಡು ಚಾನಲ್ ಸೇರಿಸಿ ಒಂದು ಮಾಡುವ ಬ್ರಿಡ್ಜ್ ಸ್ವಿಚ್ ಮುಟ್ಟಬೇಡಿ ಅಂತಲೂ ಹೇಳಿದೆ. ಬ್ರಿಡ್ಜ್‌ನಲ್ಲಿ 4 ಓಮ್ ಬಾಕ್ಸ್ ಒಂದೇ ಇದ್ದರೂ ಪ್ರತಿ ಚಾನಲ್‌ಗೆ 2 ಓಮ್‌ನಂತೆಯೇ ಕಾಣುತ್ತದೆ. ಲಿಮಿಟರ್ ಇಲ್ಲದ ಕಾರಣ, ಆಂಪ್ ಮಿತಿ ಮೀರಿತು ಅಂತ ತೋರಿಸುವ ಕ್ಲಿಪ್ ದೀಪ ಹತ್ತಿದರೆ ವಾಲ್ಯೂಮ್ ಇಳಿಸಿ, ಇಲ್ಲವಾದರೆ ಮೊದಲು ಹೋಗುವುದು ಹಾರ್ನ್ ಅಂದೆ. ಆಮೇಲೆ ಅವರ ಕೈಯಲ್ಲೇ ಒಂದು ಸಲ ಪೂರ್ತಿ ಕನೆಕ್ಷನ್ ಮಾಡಿಸಿದೆ.

ಕೂಲಿ ತೆಗೆದುಕೊಳ್ಳಲಿಲ್ಲ. 2.5 ಸ್ಕ್ವೇರ್ ಎಂಎಂ ವೈರ್ 30 ಮೀಟರ್ ಮಾತ್ರ ಅವರ ಲೆಕ್ಕಕ್ಕೆ ಬರೆದೆ. ಅದಕ್ಕೂ ಅಣ್ಣ ಸ್ವಲ್ಪ ಗೊಣಗಿದರು.