ಆ ಜಾಗ ಮೊದಲು ಯಾರದಾಗಿತ್ತು?

"ಅದೆಲ್ಲ ಸರಿ ಸರ್, ಆ ಜಾಗ ಮೊದಲು ಯಾರದು, ಅದನ್ನ ಹೇಳಿ." ಇಸ್ರೇಲ್-ಪ್ಯಾಲೆಸ್ಟೀನ್ ಬಗ್ಗೆ ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೂ ಎದ್ದು ಇದನ್ನೇ ಕೇಳುತ್ತಾರೆ. ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯ ಸುದ್ದಿ ಬಂದರೂ ಇದೇ ಪ್ರಶ್ನೆ, ಯೋಸೇಫನ ಸಮಾಧಿಯ ಸುದ್ದಿ ಬಂದರೂ ಇದೇ. ಒಂದು ಹೆಸರು ಹೇಳಿಬಿಟ್ಟರೆ ವ್ಯಾಜ್ಯ ಇತ್ಯರ್ಥವಾಯಿತು ಎಂಬ ನಂಬಿಕೆ ಅದರ ಹಿಂದಿದೆ. ನಿಂತ ನಿಲುವಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಜೆರುಸಲೇಮಿನ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಹೆಬ್ರಾನ್‌ನಿಂದ ಶುರು ಮಾಡುತ್ತೇನೆ.

ಬೈಬಲ್ಲಿನ ಆದಿಕಾಂಡದಲ್ಲಿ ಅಬ್ರಹಾಮ ತನ್ನ ಹೆಂಡತಿ ಸಾರಳನ್ನು ಮಣ್ಣು ಮಾಡಲು ಹಿತ್ತಿಯನಾದ ಎಫ್ರೋನನಿಂದ 400 ಶೆಕೆಲ್ ಬೆಳ್ಳಿಗೆ ಒಂದು ಗವಿ ಕೊಳ್ಳುತ್ತಾನೆ. ಅಂದರೆ ಆ ಕಥೆಯ ಲೆಕ್ಕದಲ್ಲೇ ಜಾಗ ಅವನಿಗಿಂತ ಮೊದಲು ಇನ್ನೊಬ್ಬನದು. ಆ ಗವಿ ಇದೇ ಎಂದು ನಂಬಿದ ತಾಣದ ಸುತ್ತ ಹೆರೋದ ರಾಜ ಸುಮಾರು 2000 ವರ್ಷದ ಹಿಂದೆ ಕಟ್ಟಿಸಿದ ಕಲ್ಲುಗೋಡೆ ಇವತ್ತಿಗೂ ನಿಂತಿದೆ. ಗೋಡೆಯೊಳಗೆ ಬೈಜಾಂಟಿಯನ್ನರ ಚರ್ಚು ಬಂತು, ಆಮೇಲೆ ಮಸೀದಿ ಬಂತು, ಯುರೋಪಿನಿಂದ ದಂಡೆತ್ತಿ ಬಂದ ಕ್ರೈಸ್ತರು, ಕ್ರುಸೇಡಿನವರು, ಅದನ್ನು ಮತ್ತೆ ಚರ್ಚು ಮಾಡಿದರು, ಅವರನ್ನು ಸೋಲಿಸಿದ ಮುಸ್ಲಿಂ ಸುಲ್ತಾನ ಸಲಾದೀನನ ಕಾಲಕ್ಕೆ ಮತ್ತೆ ಮಸೀದಿಯಾಯಿತು. ಯಹೂದಿಗಳಿಗೆ ಅದು ಮಕ್ಪೇಲದ ಗವಿ, ಮುಸ್ಲಿಮರಿಗೆ ಇಬ್ರಾಹಿಮಿ ಮಸೀದಿ. ಊರಿನ ಅರಬ್ಬಿ ಹೆಸರು ಅಲ್-ಖಲೀಲ್, ಎಂದರೆ ಗೆಳೆಯ. ದೇವರ ಗೆಳೆಯ ಇಬ್ರಾಹಿಂ, ಅಂದರೆ ಅದೇ ಅಬ್ರಹಾಮ, ಮಲಗಿರುವ ಊರು.

1260ರ ದಶಕದಲ್ಲಿ ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಯಹೂದಿಗಳು ಒಳಗೆ ಕಾಲಿಡಬಾರದೆಂದು ಕಟ್ಟಪ್ಪಣೆ ಮಾಡಿದ. ಅಲ್ಲಿಂದ ಮುಂದೆ 700 ವರ್ಷ ಅವರು ಹೊರಗಿನ ಮೆಟ್ಟಿಲುಗಳಲ್ಲಿ ಏಳನೆಯದರ ತನಕ ಮಾತ್ರ ಹೋಗಬಹುದಿತ್ತು. ತಲೆಮಾರುಗಳ ಕಾಲ ಆ ಏಳನೆಯ ಮೆಟ್ಟಿಲ ಬಳಿ ಗೋಡೆಗೆ ಮುಖ ಮಾಡಿ ನಿಂತವರ ಸಂಕಟವನ್ನು ನಾನು ಎಂದೂ ಹಗುರ ಮಾಡಲಾರೆ. 1967ರ ಯುದ್ಧದಲ್ಲಿ ಇಸ್ರೇಲ್ ಊರನ್ನು ವಶಪಡಿಸಿಕೊಂಡ ಮೇಲೆ ಅವರು ಒಳಗೆ ಬಂದರು. ಬಂದದ್ದು ಸೈನ್ಯದ ಬೆನ್ನಿಗೆ, ಅದೂ ನಿಜ. ಹೊತ್ತು ಹಂಚಿಕೊಂಡು, ಜಗಳವಾಡಿಕೊಂಡು, ಹೇಗೋ ಒಂದೇ ಸೂರಿನಡಿ ಎರಡು ಪ್ರಾರ್ಥನೆ ನಡೆಯುತ್ತಿತ್ತು.

1994ರ ಫೆಬ್ರವರಿ 25, ಶುಕ್ರವಾರ. ರಂಜಾನ್ ತಿಂಗಳು. ಯಹೂದಿಗಳ ಪೂರಿಮ್ ಹಬ್ಬವೂ ಅದೇ ದಿನ. ನಸುಕಿನ ನಮಾಜಿಗೆ ನೂರಾರು ಜನ ಸೇರಿದ್ದರು. ಪಕ್ಕದ ಕಿರ್ಯತ್ ಅರ್ಬಾ ಎಂಬ ಯಹೂದಿ ವಸಾಹತಿನ ಬರೂಖ್ ಗೋಲ್ಡ್‌ಸ್ಟೈನ್, ಅಮೆರಿಕದಲ್ಲಿ ಹುಟ್ಟಿ ವೈದ್ಯನಾಗಿದ್ದವನು, ಸೈನಿಕರ ಸಮವಸ್ತ್ರ ತೊಟ್ಟು ಒಳಗೆ ಬಂದ. ಹಣೆ ನೆಲಕ್ಕಿಟ್ಟವರ ಮೇಲೆ ಗುಂಡಿನ ಮಳೆಗರೆದ. 29 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಉಳಿದವರು ಅವನನ್ನು ಅಲ್ಲೇ ಹೊಡೆದು ಕೊಂದರು.

ನನ್ನ ಉತ್ತರ ಇರುವುದು ಇಲ್ಲಿಂದ ಮುಂದೆ. ಸತ್ತವರು ಪ್ಯಾಲೆಸ್ಟೀನಿಯರು, ಕರ್ಫ್ಯೂ ಬಿದ್ದದ್ದೂ ಪ್ಯಾಲೆಸ್ಟೀನಿಯರ ಮೇಲೆಯೇ. ಇಸ್ರೇಲ್ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಶಮ್ಗರ್ ಆಯೋಗ ವಿಚಾರಣೆ ನಡೆಸಿತು, ಕಟ್ಟಡ ಎರಡು ಪಾಲಾಯಿತು. ಅಬ್ರಹಾಮನ ಮಗ-ಸೊಸೆ ಇಸಾಕ-ರೆಬೆಕ್ಕರ ಗೋರಿಗಳ ಕಡೆ ಮುಸ್ಲಿಮರಿಗೆ, ಮೊಮ್ಮಗ ಯಾಕೋಬ ಮತ್ತವನ ಹೆಂಡತಿ ಲೇಯರ ಕಡೆ ಯಹೂದಿಗಳಿಗೆ. ವರ್ಷದಲ್ಲಿ 10 ದಿನ ಇಡೀ ಕಟ್ಟಡ ಇವರಿಗೆ, 10 ದಿನ ಅವರಿಗೆ. ಊರಿನ ದೊಡ್ಡ ಪೇಟೆಯಾಗಿದ್ದ ಶುಹದಾ ಬೀದಿಯ ಮೇಲೆ ಶುರುವಾದ ನಿರ್ಬಂಧ 2000ದ ನಂತರ ಇನ್ನೂ ಬಿಗಿಯಾಗಿ ಪ್ಯಾಲೆಸ್ಟೀನಿಯರು ಅಲ್ಲಿ ನಡೆದಾಡುವುದೂ ನಿಂತುಹೋಯಿತು. ಅಂಗಡಿಗಳ ಬಾಗಿಲಿಗೆ ಬೆಸುಗೆ ಹಾಕಿದರು. ಕೊಲೆಯಾದ 40 ದಿನಕ್ಕೆ ಪ್ಯಾಲೆಸ್ಟೀನಿಯರ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿನ ಅಫುಲಾದಲ್ಲಿ ಬಸ್ಸಿನ ಬಳಿ ಬಾಂಬ್ ಸಿಡಿಸಿತು, 8 ಮಂದಿ ಸತ್ತರು. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ ಓಸ್ಲೋ ಶಾಂತಿ ಒಪ್ಪಂದಕ್ಕೆ ಆಗ ವರ್ಷವೂ ತುಂಬಿರಲಿಲ್ಲ. ಗೋಲ್ಡ್‌ಸ್ಟೈನ್‌ಗೆ ಬೇಕಿದ್ದದ್ದು ಇದೇ. ಒಬ್ಬ ಮನುಷ್ಯ ಕೆಲವೇ ನಿಮಿಷದಲ್ಲಿ ಮಾಡಿದ್ದು 30 ವರ್ಷದ ಮೇಲೂ ಉಳಿದಿದೆ.

ಇನ್ನೊಂದು ಕಡೆಯದನ್ನೂ ಹೇಳಬೇಕು. ಪಶ್ಚಿಮ ದಂಡೆಯ ನಾಬ್ಲಸ್‌ನಲ್ಲಿ ಯಾಕೋಬನ ಮಗ ಯೋಸೇಫನದೆಂದು ಯಹೂದಿಗಳು ನಂಬುವ ಸಮಾಧಿಯಿದೆ. 2000ದ ಅಕ್ಟೋಬರ್ 7ರಂದು ಇಸ್ರೇಲಿ ಸೈನಿಕರು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೇ ಪ್ಯಾಲೆಸ್ಟೀನಿಯರ ಗುಂಪು ನುಗ್ಗಿ ಬೆಂಕಿಯಿಟ್ಟು ಕಟ್ಟಡ ಒಡೆಯಿತು. 2015ರಲ್ಲಿ ಮತ್ತೆ ಬೆಂಕಿ. ಆಗ ಪ್ಯಾಲೆಸ್ಟೀನಿನ ಅಧ್ಯಕ್ಷ ಅಬ್ಬಾಸ್ ಅದನ್ನು ಖಂಡಿಸಿದರು. 2022ರಲ್ಲಿ ಗೋರಿಯನ್ನೇ ಒಡೆದರು. ಈಗ ಯಹೂದಿ ಯಾತ್ರಿಕರು ರಾತ್ರಿ ಹೊತ್ತು ಸೇನೆಯ ಬೆಂಗಾವಲಿನಲ್ಲಿ ಬರುತ್ತಾರೆ. ಅಂಥ ರಾತ್ರಿಗಳಲ್ಲಿ ಬಡಾವಣೆಯ ಹುಡುಗರು ಗುಂಡಿಗೆ ಬಲಿಯಾದದ್ದುಂಟು. ಸೈನಿಕರನ್ನು ಊರಿನಿಂದ ಓಡಿಸಿದೆವೆಂದು ಸಂಭ್ರಮಿಸಿದ್ದ ಜಾಗವೇ ಸೈನ್ಯ ಮತ್ತೆ ಮತ್ತೆ ಊರೊಳಗೆ ಬರಲು ನೆಪವಾಯಿತು.

ಎರಡೂ ಧರ್ಮಕ್ಕೆ ಸೇರದವನೊಬ್ಬನೂ ಇದ್ದ. 1969ರ ಆಗಸ್ಟ್ 21ರಂದು ಅಲ್-ಅಕ್ಸಾ ಮಸೀದಿಗೆ ಬೆಂಕಿ ಹಚ್ಚಿದವನು ಡೆನಿಸ್ ಮೈಕೆಲ್ ರೋಹನ್ ಎಂಬ ಆಸ್ಟ್ರೇಲಿಯಾದ ಕ್ರೈಸ್ತ. ಸಲಾದೀನ ತರಿಸಿ ಇರಿಸಿದ್ದ 12ನೇ ಶತಮಾನದ ಮರದ ಮಿಂಬರ್, ಇಮಾಮರು ನಿಂತು ಪ್ರವಚನ ಹೇಳುವ ಪೀಠ, ಸುಟ್ಟುಹೋಯಿತು. ಅದರ ಪ್ರತಿರೂಪ ಮಸೀದಿಗೆ ಬರಲು 2007ರ ತನಕ ಕಾಯಬೇಕಾಯಿತು. ಆ ಬೆಂಕಿಯ ಬಿಸಿ ನಮಗೂ ತಟ್ಟಿತ್ತು. ಅದರ ವಿರುದ್ಧ ಮೊರಾಕ್ಕೋದ ರಬಾತ್‌ನಲ್ಲಿ ಸೇರಿದ ಮುಸ್ಲಿಂ ದೇಶಗಳ ಸಭೆಗೆ ಫಕ್ರುದ್ದೀನ್ ಅಲಿ ಅಹ್ಮದ್ ನೇತೃತ್ವದ ಭಾರತದ ನಿಯೋಗ ಆಹ್ವಾನದ ಮೇಲೆ ಹೋಗಿ, ಪಾಕಿಸ್ತಾನದ ಹಟದಿಂದ ಹೊರಗೇ ಉಳಿಯಿತು.

ಇಷ್ಟು ಹೇಳಿದ ಮೇಲೂ "ಹಾಗಾದರೆ ನೀವು ಯಾರ ಪರ?" ಎನ್ನುತ್ತಾರೆ. ಹೆಬ್ರಾನಿಗೇ ಮರಳುತ್ತೇನೆ. 1929ರ ಆಗಸ್ಟ್‌ನಲ್ಲಿ ಯಹೂದಿಗಳು ಪ್ರಾರ್ಥಿಸುವ ಜೆರುಸಲೇಮಿನ ಪಶ್ಚಿಮ ಗೋಡೆಯ ತಕರಾರು ಕಾವೇರಿ, ಯಹೂದಿಗಳು ಅಲ್-ಅಕ್ಸಾ ಕಸಿದುಕೊಳ್ಳುತ್ತಾರೆಂಬ ಗಾಳಿಸುದ್ದಿ ಹಬ್ಬಿ, ಹೆಬ್ರಾನಿನಲ್ಲಿ 67 ಯಹೂದಿಗಳನ್ನು ಅರಬರ ಗುಂಪು ಕೊಂದಿತು. ಬದುಕುಳಿದವರು ನೂರಾರು ಮಂದಿ. ಅವರಲ್ಲಿ ಬಹಳ ಜನರನ್ನು ಅರಬ್ ನೆರೆಹೊರೆಯವರೇ ತಮ್ಮ ಮನೆಯೊಳಗೆ ಬಚ್ಚಿಟ್ಟು ಕಾಪಾಡಿದ್ದರು. ನಾನು ಆ ಮನೆಗಳವರ ಪರ. 1994ರ ಆ ನಸುಕಿನಲ್ಲಿ ಹಣೆ ನೆಲಕ್ಕಿಟ್ಟಿದ್ದವರ ಪರ.