ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ?

ನಮ್ಮ ಮನೆಯ ಟ್ರೆಡ್‌ಮಿಲ್ಲಿನ ಮೇಲೆ ಕೊನೆಯ ಸಲ ನಡೆದವರು ಯಾರು ಎಂಬುದು ಯಾರಿಗೂ ನೆನಪಿರಲಿಲ್ಲ. ಅದರ ಮೇಲೆ ಕೊನೆಯ ಸಲ ಒಣಗಿದ್ದೇನು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು: ಎರಡು ಟವೆಲ್, ಮಗಳ ಶಾಲೆಯ ಸಮವಸ್ತ್ರ, ನನ್ನದೊಂದು ಲುಂಗಿ.

ಕೊಂಡದ್ದು 2020ರ ಕೊನೆಯಲ್ಲಿ. ಜಿಮ್‌ಗಳು ಆ ಆಗಸ್ಟ್‌ನಲ್ಲೇ ತೆರೆದಿದ್ದರೂ ಮುಚ್ಚಿದ ಕೋಣೆಯಲ್ಲಿ ಹತ್ತು ಜನರ ನಡುವೆ ಏದುಸಿರು ಬಿಡುವ ಧೈರ್ಯ ನನಗಿರಲಿಲ್ಲ. ಮೂವತ್ತೊಂದು ಸಾವಿರ ಕೊಟ್ಟು ಯಂತ್ರವನ್ನೇ ಮನೆಗೆ ತರಿಸಿದೆ. ಎರಡು ತಿಂಗಳು ಸಂಜೆಯ ವಾರ್ತೆ ನೋಡುತ್ತ ನಡೆದೆ. ಆಮೇಲೆ ಮಳೆಗಾಲ ಬಂತು, ಬಟ್ಟೆ ಒಣಗಲಿಲ್ಲ, ಯಂತ್ರಕ್ಕೆ ಎರಡು ಗಟ್ಟಿ ಹಿಡಿಕೆಗಳಿರುವುದು ಹೆಂಡತಿಯ ಕಣ್ಣಿಗೆ ಬಿತ್ತು. ಅಲ್ಲಿಗೆ ಅದರ ಜಾತಕ ನಿರ್ಧಾರವಾಯಿತು.

ಈಗ ಶಿರಸಿಯಿಂದ ನಮ್ಮ ಅತ್ತೆಯವರು ಬಂದು ನಮ್ಮೊಂದಿಗೇ ಇರುವುದೆಂದಾಗಿತ್ತು. ಅವರ ಮಂಚಕ್ಕೆ ಜಾಗ ಬೇಕಿತ್ತು. ಬನಶಂಕರಿಯ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಆರು ಅಡಿ ಉದ್ದದ ಜಾಗವನ್ನು ಸುಮ್ಮನೆ ಆಕ್ರಮಿಸಿ ಕೂತಿದ್ದದ್ದು ಇದೊಂದೇ. (ನಾನೂ ಇದ್ದೆ, ಆದರೆ ಆ ಮಾತು ಯಾರೂ ಎತ್ತಲಿಲ್ಲ.)

ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕುವುದೆಂದು ಲುಂಗಿ ತೆಗೆದು, ಧೂಳು ಒರೆಸಿ, ಕಿಟಕಿಯ ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆದೆ. ಹದಿನೈದು ಸಾವಿರ ಎಂದು ಬೆಲೆ ಬರೆದೆ. ಅರ್ಧಕ್ಕಿಂತಲೂ ಕಡಿಮೆಯಲ್ಲವೇ, ಉದಾರವಾಗಿಯೇ ಇದ್ದೇನೆ ಎಂಬುದು ನನ್ನ ಭಾವನೆ. ಹೆಂಡತಿ ಫೋನಿನೊಳಗೆ ಇಣುಕಿ, "ರೀ, ಇದನ್ನು ಮಹಡಿಯಿಂದ ಇಳಿಸಿಕೊಂಡು ಹೋಗುವವರಿಗೆ ನಾವೇ ಏನಾದರೂ ಕೊಡಬೇಕಾಗುತ್ತದೆ" ಎಂದಳು. ಫೋಟೊ ಮುಗಿದ ಐದು ನಿಮಿಷಕ್ಕೆ ಟವೆಲ್‌ಗಳು ಸ್ವಸ್ಥಾನಕ್ಕೆ ಮರಳಿದವು.

ಮೊದಲ ಸಂದೇಶ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಬಂತು. "ಇದೆಯಾ?" ಇದೆ ಎಂದೆ. ಅಷ್ಟೇ. ಆ ಮನುಷ್ಯ ಮತ್ತೆ ಮಾತಾಡಲಿಲ್ಲ. ಬೆಳಗಾಗುವುದರೊಳಗೆ ಇನ್ನೂ ಆರು ಮಂದಿ "ಇದೆಯಾ?" ಎಂದಿದ್ದರು. ಆ ಆ್ಯಪ್ಪಿನವರು ಒಂದಿಷ್ಟು ಪ್ರಶ್ನೆಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿರುತ್ತಾರೆ, ಬೆರಳು ತಗುಲಿದರೆ ಸಾಕು, ಹೋಗಿಬಿಡುತ್ತದೆ. ದೇವಸ್ಥಾನದ ಮುಂದೆ ಹಾದುಹೋಗುವಾಗ ಗಂಟೆ ಬಾರಿಸುವಂತೆ ಜನ ಅದನ್ನು ಒತ್ತುತ್ತಾರೆ. ನಾನು ಏಳು ಮಂದಿಗೂ ಇದೆ, ಇದೆ ಎಂದು ಬರೆದೆ. ಒಂದು ವಾರದಲ್ಲಿ ನನ್ನ ಅಸ್ತಿತ್ವದ ಬಗ್ಗೆ ನನಗೇ ಅಷ್ಟು ಭರವಸೆ ಉಳಿಯಲಿಲ್ಲ.

ಇದೆಯೆಂಬುದು ಖಚಿತವಾದ ಮೇಲೆ ಬರುವುದು "ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ?" ಮೊದಲಿನ ಬೆಲೆಯ ಬಗ್ಗೆ ಒಂದು ಮಾತಿಲ್ಲ, ವಸ್ತು ನೋಡಿಲ್ಲ, ನೇರವಾಗಿ ಕೊನೆ. ನೀವೆಷ್ಟು ಕೊಡುತ್ತೀರಿ ಹೇಳಿ ಎಂದರೆ "ನೀವೇ ಹೇಳಿ". ಹದಿಮೂರು ಎಂದರೆ "ಅದು ಕೊನೆಯಾ?" ಒಬ್ಬರು ಮೂರು ಸಾವಿರಕ್ಕೆ ಕೇಳಿದರು, ಈಗಿಂದೀಗಲೇ ಬರುತ್ತೇನೆ ಎಂದರು. ಇನ್ನೊಬ್ಬರು ಎರಡು ಸಾವಿರದ ಜೊತೆಗೆ ಒಂದು ಮೀನಿನ ತೊಟ್ಟಿ ಕೊಡುವುದಾಗಿ ಹೇಳಿದರು. ಮೀನೂ ಸೇರಿ ಎಂದು ಆಮೇಲೆ ಇನ್ನೊಂದು ಸಂದೇಶ ಕಳಿಸಿ ಆಸೆ ಹುಟ್ಟಿಸಿದರು. "ಎಷ್ಟು ಕಿಲೋಮೀಟರ್ ಓಡಿದೆ?" ಎಂದು ಕೇಳಿದವರಿಗೆ, ಇದು ಕಾರಲ್ಲ, ಒಟ್ಟು ಲೆಕ್ಕ ತೋರಿಸುವುದಿಲ್ಲ, ಹೆಚ್ಚು ಓಡಿಲ್ಲ ಎಂದೆ. "ಹೆಚ್ಚು ಓಡಿಲ್ಲ ಎಂದರೆ ಏನೋ ತೊಂದರೆ ಇರಬೇಕು" ಎಂದರು. ಹಾಗಾದರೆ ಚೆನ್ನಾಗಿ ಓಡಿದೆ ಎಂದೆ. "ಹಾಗಾದರೆ ಸವೆದಿರುತ್ತದೆ." ಯಾಕೆ ಮಾರುತ್ತಿದ್ದೀರಿ ಎಂಬ ಪ್ರಶ್ನೆಗೆ ಅತ್ತೆಯವರ ಮಂಚದ ಕಥೆ ಹೇಳಿದರೆ ಒಬ್ಬರೂ ನಂಬಲಿಲ್ಲ.

ಭಾನುವಾರ ಬರುತ್ತೇವೆ ಎಂದು ಐವರು ಮಾತು ಕೊಟ್ಟಿದ್ದರು. ದೂರದ ಸಂಬಂಧಿಕರ ಗೃಹಪ್ರವೇಶ ತಪ್ಪಿಸಿಕೊಂಡು ಮನೆಯಲ್ಲೇ ಕೂತೆ. (ನಿಜ ಹೇಳಬೇಕೆಂದರೆ ಅದರ ಬಗ್ಗೆ ದುಃಖವಿಲ್ಲ, ಊಟದ ಬಗ್ಗೆ ಇದೆ.) ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡಕ್ಕೆ ಫೋನೆತ್ತಿ "ಸಿಲ್ಕ್ ಬೋರ್ಡ್‌ನಲ್ಲಿದ್ದೇನೆ ಸರ್" ಎಂದರು. ಬೆಂಗಳೂರಿನಲ್ಲಿ ಈ ಮಾತಿಗೆ ಎದುರಾಡುವ ಹಾಗಿಲ್ಲ. ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನು ಇನ್ನೆಷ್ಟು ಹೊತ್ತು ಅಲ್ಲೇ ಇರುತ್ತಾನೆಂದು ಯಾರು ಹೇಳಬಲ್ಲರು? ಎರಡು ಗಂಟೆಗೂ ಅಲ್ಲೇ ಇದ್ದರು. ಮೂರಕ್ಕೆ ಫೋನ್ ಸ್ವಿಚ್ ಆಫ್ ಆಯಿತು. ಉಳಿದ ಮೂವರ ಸುದ್ದಿಯೇ ಇಲ್ಲ.

ಬಂದವನು ಒಬ್ಬನೇ ಹುಡುಗ. ಓಟದ ಬೂಟು ಹಾಕಿಕೊಂಡು, ಹೆಗಲ ಮೇಲೆ ಟವೆಲ್ ಹೊದ್ದು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. "ಒಮ್ಮೆ ಪರೀಕ್ಷೆ ಮಾಡಲೇ ಅಂಕಲ್?" ಎಂದ. ಕೀಲಿಗಳನ್ನು ತೂಗುಹಾಕುವ ಹಲಗೆಯಿಂದ ಯಂತ್ರದ ಕೆಂಪು ಸುರಕ್ಷತಾ ಕೀಲಿ ತಂದು ಸಿಕ್ಕಿಸಿದೆ. ಪರದೆಯ ಮೇಲೆ ಮೂರು, ಎರಡು, ಒಂದು ಎಂದು ಅಂಕಿಗಳು ಮೂಡಿ ಪಟ್ಟಿ ಚಲಿಸತೊಡಗಿತು. ಮೊದಲು ನಡೆದ. ಆಮೇಲೆ ಓಡಿದ. ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದು ಏನಾಯಿತೆಂದು ವಿಚಾರಿಸಿಕೊಂಡು ಹೋದರು. ಇಪ್ಪತ್ತೆರಡು ನಿಮಿಷ, 2.6 ಕಿಲೋಮೀಟರ್. ಕೊನೆಯ ಐದು ನಿಮಿಷ ವೇಗ ಇಳಿಸಿ, ಹೇಗೆ ನಿಲ್ಲಿಸಬೇಕೋ ಹಾಗೆ ಕ್ರಮಬದ್ಧವಾಗಿ ನಿಲ್ಲಿಸಿದ. ನೀರು ಕೇಳಿದ. ಎರಡು ಲೋಟ ಕುಡಿದು, "ಯೋಚನೆ ಮಾಡಿ ಹೇಳುತ್ತೇನೆ" ಎಂದು ಇಳಿದುಹೋದ. ಬುಧವಾರ ಸಂದೇಶ ಕಳಿಸಿದ: ಅಣ್ಣನೂ ಒಮ್ಮೆ ಪರೀಕ್ಷೆ ಮಾಡಬೇಕಂತೆ, ಬೆಳಿಗ್ಗೆ ಆರಕ್ಕೆ ಬರಬಹುದೇ?

ಇಷ್ಟು ಜನರಿಂದ ಬೇಸತ್ತಿರುವಾಗ ಒಂದು ಮಧ್ಯಾಹ್ನ ದೇವರೇ ಕಳಿಸಿದಂಥ ಗಿರಾಕಿ ಸಿಕ್ಕ. ಹಿಂದಿಯಲ್ಲಿ ಮಾತು, ಬಹಳ ಮರ್ಯಾದೆ. ತಾನು ಸಿಐಎಸ್‌ಎಫ್ ಭದ್ರತಾ ಪಡೆಯವನು, ವಿಮಾನ ನಿಲ್ದಾಣದಲ್ಲಿ ಕೆಲಸ, ಈಗಷ್ಟೇ ವರ್ಗವಾಗಿ ಬಂದಿದ್ದೇನೆ ಎಂದ. ಫೋಟೊ ನೋಡಿದ್ದೇನೆ, ಇಷ್ಟವಾಗಿದೆ, ಹದಿನೈದು ಸಾವಿರ ಸರಿಯಾಗಿದೆ ಎಂದ. ಸರಿಯಾಗಿದೆ! ಹತ್ತು ದಿನಗಳಲ್ಲಿ ಆ ಮಾತನ್ನು ನನಗೆ ಹೇಳಿದ ಮೊದಲನೆಯ ಮನುಷ್ಯ. ಗುರುತಿನ ಚೀಟಿಯ ಫೋಟೊ ಕಳಿಸಿದ, ಸಮವಸ್ತ್ರದ ಫೋಟೊ ಕಳಿಸಿದ. ನಾಳೆ ಗಾಡಿ ಬರುತ್ತದೆ, ದುಡ್ಡು ಈಗಲೇ ಹಾಕುತ್ತೇನೆ, ಮೊದಲು ಹತ್ತು ರೂಪಾಯಿ ಹಾಕಿ ನೋಡುತ್ತೇನೆ ಎಂದ. ಹತ್ತು ರೂಪಾಯಿ ಬಂತು. ನಂತರ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಪೂರ್ತಿ ಮೊತ್ತ ನಿಮ್ಮ ಖಾತೆಗೆ ಬರುತ್ತದೆ ಎಂದ.

ಯುಪಿಐ ಬಂದದ್ದು 2016ರಲ್ಲಿ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಸೊಪ್ಪಿನವರ ಗಾಡಿಗೆ ಅಂಟಿಸಿದ ಕೋಡನ್ನು ಸ್ಕ್ಯಾನ್ ಮಾಡುವವನು ನಾನು, ದುಡ್ಡು ಹೋಗುವುದು ನನ್ನಿಂದ, ಬರುವುದು ಅವರಿಗೆ. ಅವರು ಎಂದೂ ಪಿನ್ ಒತ್ತಿದ್ದಿಲ್ಲ. ಬರುವ ದುಡ್ಡಿಗೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಇದೆಲ್ಲ ಗೊತ್ತಿದ್ದ ನಾನು, ಒಂದು ಒಳ್ಳೆಯ ಮಾತಿಗೆ ಎಷ್ಟು ಹಸಿದಿದ್ದೆನೆಂದರೆ, ಸ್ಕ್ಯಾನ್ ಮಾಡಿಯೇಬಿಟ್ಟೆ. ಪಿನ್ನಿನ ಎರಡು ಅಂಕಿ ಒತ್ತಿಯೂ ಆಗಿತ್ತು. ನನ್ನ ಫೋನಿನ ಆ್ಯಪ್ ಕನ್ನಡದಲ್ಲಿದೆ. ಮಗಳು ಅದಕ್ಕಾಗಿ ನನ್ನನ್ನು ಆಡಿಕೊಳ್ಳುತ್ತಾಳೆ. ಪರದೆಯ ಮೇಲೆ ಹದಿನೈದು ಸಾವಿರದ ಪಕ್ಕದಲ್ಲಿ "ಪಾವತಿಸಿ" ಎಂದಿತ್ತು. ಇಂಗ್ಲಿಷಿನಲ್ಲಿದ್ದಿದ್ದರೆ ನನ್ನ ಕಣ್ಣು ಅದರ ಮೇಲೆ ಹರಿದು ಮುಂದೆ ಹೋಗುತ್ತಿತ್ತೇನೋ. ಪಾವತಿಸಿ ಎಂದರೆ ಪಾವತಿಸಿ. ನಾನೇಕೆ ಪಾವತಿಸಲಿ?

ಫೋನ್ ಮೇಜಿನ ಮೇಲಿಟ್ಟು ನೀರು ಕುಡಿದೆ. ಆತ ಮತ್ತೆ ಮತ್ತೆ ಕರೆ ಮಾಡುತ್ತಿದ್ದ, ಐದನೆಯ ಕರೆಯ ಹೊತ್ತಿಗೆ ಮರ್ಯಾದೆ ಕರಗಿತ್ತು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು, ಹೋಗಿರಲಿಲ್ಲವಾದ್ದರಿಂದ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು'ವಿನಲ್ಲಿ ಆ ಸಂಖ್ಯೆಯ ಬಗ್ಗೆ ವರದಿ ಹಾಕಿದೆ. ಆತ ಪರೀಕ್ಷೆಗೆಂದು ಹಾಕಿದ ಹತ್ತು ರೂಪಾಯಿ ಮಾತ್ರ ನನ್ನಲ್ಲೇ ಉಳಿಯಿತು. ಆ ರಾತ್ರಿ ಮಲಗಿದಾಗ ಹೊಳೆಯಿತು: ಇಡೀ ಹತ್ತು ದಿನದಲ್ಲಿ ಚೌಕಾಸಿ ಮಾಡದ ಒಬ್ಬನೇ ಗಿರಾಕಿ ಅವನು. ನನ್ನ ವಸ್ತುವನ್ನು ನೋಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಮೀನಿನ ತೊಟ್ಟಿಯವರ ಮೇಲೆ ಅಂದು ಮೊದಲ ಬಾರಿಗೆ ಪ್ರೀತಿ ಉಕ್ಕಿತು.

ಬೆಲೆಯನ್ನು ಹನ್ನೊಂದು ಸಾವಿರಕ್ಕೆ ಇಳಿಸಿದೆ. ನಮ್ಮ ಬೀದಿಯ ಗುಜರಿಯವರನ್ನೂ ಕೇಳಿ ನೋಡಿದೆ, ಕೇಜಿಗೆ ಇಪ್ಪತ್ತೈದು ಎಂದರು. ಬಿಚ್ಚಿ ಕೊಟ್ಟರೆ ಮಾತ್ರ.

ಕೊನೆಗೆ ಬಂದವರು ದಾಸರಹಳ್ಳಿಯವರು. ಪೀಣ್ಯದಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸ. ಫೋನಿನಲ್ಲಿ ಒಂದು ಸಾವಿರ ಇಳಿಸಿ ಹತ್ತಕ್ಕೆ ಒಪ್ಪಿಸಿದ್ದರು. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಈ ಹೊತ್ತಿಗೆ ಅದೊಂದೇ ನನ್ನನ್ನು ಗಾಬರಿಗೊಳಿಸಲು ಸಾಕಾಗಿತ್ತು. ಯಂತ್ರದ ಮೇಲೆ ಹತ್ತಲಿಲ್ಲ, ಪರದೆ ನೋಡಲಿಲ್ಲ. ಒಮ್ಮೆ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿದರು. ಆಫ್ ಮಾಡಿಸಿ, ಪ್ಲಗ್ ಕೀಳಿಸಿದರು. ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದು ನೆಲದ ಮೇಲೆ ಕೂತು ಮುಂದಿನ ಮುಚ್ಚಳವನ್ನು ಬಿಚ್ಚಿದರು. ಮೋಟಾರಿನ ಹತ್ತಿರ ಮೂಗು ತಂದು ಮೂಸಿದರು. ಅದರ ಪಕ್ಕೆಯಲ್ಲಿದ್ದ ಒಂದು ಕಪ್ಪು ಬಿರಡೆಯನ್ನು ತಿರುಗಿಸಿ ತೆಗೆದಾಗ, ಸ್ಪ್ರಿಂಗಿನ ತುದಿಗೆ ಅಂಟಿಕೊಂಡ ಬೆರಳುಗುರಿನಷ್ಟು ದೊಡ್ಡ ಕರಿ ತುಂಡೊಂದು ಹೊರಬಂತು.

"ಕಾರ್ಬನ್ ಬ್ರಷ್" ಎಂದರು. ಮೋಟಾರ್ ತಿರುಗಿದಷ್ಟೂ ಇದು ಉಜ್ಜಿ ಉಜ್ಜಿ ಸವೆಯುತ್ತದಂತೆ. ಅದನ್ನು ಬೆಳಕಿಗೆ ಹಿಡಿದು, ನನ್ನನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಸರ್, ಇದು ಓಡೇ ಇಲ್ಲ" ಎಂದರು. ನಾನು ಇಷ್ಟು ದಿನದಿಂದ ಊರಿಗೆಲ್ಲ ಹೇಳುತ್ತಿದ್ದದ್ದೂ ಅದನ್ನೇ. ಮೋಟಾರಿನ ಹಿಂದೆ ಬೆರಳು ತೂರಿಸಿ ಇನ್ನೇನನ್ನೋ ಎಳೆದರು. ನೀಲಿ ಬಣ್ಣದ ಬಟ್ಟೆ ಕ್ಲಿಪ್ಪು. ಅವರು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.

ಇಷ್ಟು ತಿಳಿದ ಮೇಲೆ ಬೆಲೆ ಏರಬೇಕಲ್ಲವೇ? ಪಟ್ಟಿಯ ಅಡಿಗೆ ಕೈ ಹಾಕಿ, ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ತೋರಿಸಿ, ಸಿಲಿಕೋನ್ ಎಣ್ಣೆಯನ್ನೇ ಬಿಟ್ಟಿಲ್ಲ, ಒಣಗಿದೆ, ಐನೂರು ಕಡಿಮೆ ಎಂದರು. ಹೋಗಲಿ ಎಂದೆ. ಟೆಂಪೊ ಬಂತು, ಹುಡುಗರಿಬ್ಬರು ಮೇಲೆ ಬಂದರು. ಯಂತ್ರ ಮೊದಲ ತಿರುವಿನಲ್ಲಿ ಸಿಕ್ಕಿಕೊಂಡು, ಅರ್ಧ ನಮ್ಮ ಮಹಡಿಗೂ ಅರ್ಧ ಕೆಳಗಿನವರಿಗೂ ಸೇರಿ ನಿಂತಿದ್ದಾಗ, ದಾಸರಹಳ್ಳಿಯವರು ಕೆಳಗಿನ ಮೆಟ್ಟಿಲಿನಿಂದ ಕತ್ತೆತ್ತಿ, "ಲಿಫ್ಟ್ ಇಲ್ಲವೆಂದು ನೀವು ಹೇಳಿರಲಿಲ್ಲ. ಹುಡುಗರಿಗೆ ಐನೂರು ಹೆಚ್ಚು ಕೊಡಬೇಕು" ಎಂದರು. ಅದನ್ನು ವಾಪಸು ಮೇಲೆ ಹತ್ತಿಸುವ ದೃಶ್ಯ ಕಣ್ಣ ಮುಂದೆ ಬಂತು. ಒಂಬತ್ತು ಸಾವಿರಕ್ಕೆ ವ್ಯಾಪಾರ ಮುಗಿಯಿತು. ಗೇಟಿನ ಬಳಿ ದುಡ್ಡು ಹಾಕಿದರು. ನಾನು ಏನನ್ನೂ ಸ್ಕ್ಯಾನ್ ಮಾಡಲಿಲ್ಲ.

ಮೂರು ದಿನ ಅವರ ಫೋನಿಗೆ ಹೆದರಿಕೊಂಡೇ ಇದ್ದೆ. ಸದ್ದು ಬರುತ್ತಿದೆ, ವಾಪಸು ತೆಗೆದುಕೊಳ್ಳಿ ಎಂಬ ಕರೆ ಬಂದೇ ಬರುತ್ತದೆಂದು. ಬರಲಿಲ್ಲ. ನಾಲ್ಕನೆಯ ದಿನ ಸ್ಕೂಟರ್ ಕೀಲಿಗೆ ಕೈ ಹಾಕಿದಾಗ ಕೀಲಿಹಲಗೆಯ ಮೇಲೆ ಕೆಂಪು ಸುರಕ್ಷತಾ ಕೀಲಿ ತೂಗುತ್ತಿತ್ತು. ಅದಿಲ್ಲದೆ ಆ ಯಂತ್ರ ಒಂದಂಗುಲವೂ ಅಲ್ಲಾಡದು. ಅದರ ದಾರವನ್ನು ಬಟ್ಟೆಗೆ ಸಿಕ್ಕಿಸಿಕೊಂಡು ನಡೆದರೆ, ಜಾರಿದಾಗ ಕೀಲಿ ಕಿತ್ತು ಬಂದು ಯಂತ್ರ ನಿಲ್ಲುತ್ತದೆ. ನಾನೇ ಫೋನ್ ಮಾಡಿದೆ. "ಗೊತ್ತು ಸರ್" ಎಂದರು. "ಅದರೊಳಗೆ ಇರುವುದು ಬರೀ ಅಯಸ್ಕಾಂತ. ಹಳೆಯ ಸ್ಪೀಕರಿನದೊಂದು ಇತ್ತು, ಇಟ್ಟು ಓಡಿಸುತ್ತಿದ್ದೇವೆ. ಆದರೆ ಅದಕ್ಕೆ ದಾರವಿಲ್ಲ ನೋಡಿ. ಮನೆಯವಳು ಜಾರಿದರೆ ಮಷೀನು ನಿಲ್ಲುವುದಿಲ್ಲ."

ಭಾನುವಾರ ಹಸಿರು ಮಾರ್ಗದ ಮೆಟ್ರೊ ಹತ್ತಿ ದಾಸರಹಳ್ಳಿಗೆ ಹೋದೆ. ಮನೆಯ ಹಜಾರದಲ್ಲಿ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟಿವಿ ನೋಡುತ್ತ ನಡೆಯುತ್ತಿದ್ದರು. ಪರದೆಯ ಕೆಳಗೆ ಕಪ್ಪು ಉಂಗುರದಂಥ ಅಯಸ್ಕಾಂತವನ್ನು ಟೇಪಿನಿಂದ ಅಂಟಿಸಿತ್ತು. ಅವರು ಅದನ್ನು ಕಿತ್ತು, ನನ್ನ ಕೀಲಿ ಇಟ್ಟು, ದಾರದ ತುದಿಯ ಕೊಂಡಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಕಾಫಿ ಬಂತು. ಹೊರಡುವಾಗ ಇನ್ನೂರು ರೂಪಾಯಿ ನನ್ನ ಕೈಗಿಟ್ಟು "ಮೆಟ್ರೊಗೆ" ಎಂದರು. ಬೇಡವೆಂದೆ. "ಅಂದು ಇಳಿಸಿದ್ದು ವ್ಯಾಪಾರ ಸರ್. ಇದು ನೀವು ನನಗೋಸ್ಕರ ಬಂದ ಖರ್ಚು" ಎಂದರು. ತೆಗೆದುಕೊಂಡೆ.

ಚಪ್ಪಲಿ ಮೆಟ್ಟುತ್ತಿರುವಾಗ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಎಣ್ಣೆ ಬಿಡಲು ಪಟ್ಟಿ ಬಿಚ್ಚಿದಾಗ ಸಿಕ್ಕಿದವಂತೆ: ಇನ್ನೆರಡು ಕ್ಲಿಪ್ಪು, ಮತ್ತು ಒಂದು ಪುಟ್ಟ ಹಳದಿ ಕಾಲುಚೀಲ.

ಮನೆಗೆ ಬಂದು ಹೆಂಡತಿಯ ಕೈಗೆ ಕೊಟ್ಟೆ. ಕಾಲುಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಛೆ, ಇದರ ಜೋಡಿಯನ್ನು ಹೋದ ವರ್ಷ ತಾನೇ ಎಸೆದೆನಲ್ಲ ರೀ" ಎಂದಳು.